ಕ್ರಿಸ್ಟಾಲೋ ಅಕ್ಕನ ಕ್ಯಾಮರಾ ನಡಿಗೆ

ಕವಾಲಾ ಬಂದರಿನ ಹಿಂದಿನ ಬೀದಿಯಲ್ಲಿ ಹೆಂಗಸರ ತಲೆಗೂದಲು ಕತ್ತರಿಸುವ ಕ್ರಿಸ್ಟಾಲೋಗೆ ಬಾಯಿ ಜೋರು. ಗಿರಾಕಿ ಕನ್ನಡಿ ನೋಡಿ ಚೆನ್ನಾಗಿ ಕಾಣ್ತಿದೀನಾ ಅಂದರೆ, ಕಾಣದಿದ್ದರೆ ಇಲ್ಲ ಅಂತಲೇ ಹೇಳಿಬಿಡುತ್ತಾಳೆ. ಆದರೂ ಅಂಗಡಿ ಖಾಲಿ ಇರುವುದಿಲ್ಲ. ರಜೆ ಬಂತೆಂದರೆ ಕ್ಯಾಮರಾ ಕೊರಳಿಗೆ ಹಾಕಿಕೊಂಡು, ನಮ್ಮಂಥ ಏಳೆಂಟು ಹವ್ಯಾಸಿಗಳನ್ನು ಬೆನ್ನಿಗೆ ಕಟ್ಟಿಕೊಂಡು ಕಡಲಂಚಿನಲ್ಲಿ ನಡೆಯುತ್ತಾಳೆ. ನಾವು ದೋಣಿ, ಬೆಕ್ಕು, ಮೋಡ ಅಂತ ಸಿಕ್ಕಿದ್ದನ್ನೆಲ್ಲ ತೆಗೆಯುತ್ತೇವೆ. ಅವಳಿಗೆ ಮನುಷ್ಯರೇ ಬೇಕು. ಅವಳೆಂದರೆ ನನಗೆ ತುಂಬಾ ಗೌರವ, ಸ್ವಲ್ಪ ಹೆದರಿಕೆ.

ಈ ಜನವರಿಯಲ್ಲಿ ನೀರು ಹರಸುವ ಹಬ್ಬಕ್ಕೆ ನಮ್ಮ ನಡಿಗೆ ಕಟ್ಟೆಯ ತುದಿಗೆ ಬಂದಿತ್ತು. ಬಿಷಪ್ಪರು ಶಿಲುಬೆಯನ್ನು ಕಡಲಿಗೆ ಎಸೆದರು. ಮೊದಲು ಹಿಡಿದವನಿಗೆ ವರ್ಷವಿಡೀ ದೇವರ ಕೃಪೆ. ಅದನ್ನು ಹರಿವಾಣದಲ್ಲಿಟ್ಟು ಮನೆಮನೆಗೆ ಒಯ್ಯುವ ಹಕ್ಕೂ ಅವನದೇ. ಆ ಚಳಿಯಲ್ಲಿ ನೀರಿಗೆ ಹಾರಿದವರಲ್ಲಿ ದೋಣಿ ಎಂಜಿನ್ ರಿಪೇರಿಯ ಕ್ಲಿಯಾಂಥಿಸ್ ಕೂಡ ಇದ್ದ. ವಯಸ್ಸಾಗಿದೆ, ಹೊಟ್ಟೆ ಬಂದಿದೆ. ಹೆಂಡತಿ ಫೆವ್ರೋನಿಯಾ ಬೇಸಿಗೆಯಿಂದ ಹಾಸಿಗೆ ಹಿಡಿದಿದ್ದಳು. ಈ ಸಲ ಶಿಲುಬೆ ತಂದು ಅವಳ ತುಟಿಗೆ ಮುಟ್ಟಿಸುತ್ತೇನೆಂದು ಅವನು ಹರಕೆ ಹೊತ್ತಿದ್ದು ಊರಿಗೆಲ್ಲ ಗೊತ್ತಿತ್ತು.

ನೀರಿನಿಂದ ಶಿಲುಬೆ ಮೇಲೆದ್ದಾಗ ಅದನ್ನು ಎರಡು ಕೈಗಳು ಹಿಡಿದಿದ್ದವು. ಒಂದು ಕ್ಲಿಯಾಂಥಿಸನದು, ಇನ್ನೊಂದು ಬೇಕರಿಯ ಅರ್ಗಿರಿಸನದು.

"ನಾನೇ ಮೊದ್ಲು ಮುಟ್ಟಿದ್ದು," ಅಂದ ಕ್ಲಿಯಾಂಥಿಸ್.

"ನೀವು ಮುಟ್ಟಿದ್ದು ನನ್ನ ಕೈನ, ಮಾವ," ಅಂದ ಅರ್ಗಿರಿಸ್.

ಜನ ಕ್ರಿಸ್ಟಾಲೋಳತ್ತ ತಿರುಗಿದರು; ಅವರು ಶಿಲುಬೆಗೆ ಕೈ ಚಾಚಿದಾಗಿನಿಂದ ಅವಳು ಒಂದೇ ಸಮನೆ ಚಿತ್ರ ತೆಗೆಯುತ್ತಿದ್ದಳು. ಅವಳು ಕ್ಯಾಮರಾದ ಬೆನ್ನಲ್ಲಿ ಚಿತ್ರ ಹುಡುಕಿದಳು. ನಾನೂ ಇಣುಕಿದೆ. ಶಿಲುಬೆ ಅರ್ಗಿರಿಸನ ಮುಷ್ಟಿಯಲ್ಲಿತ್ತು. ಕ್ಲಿಯಾಂಥಿಸನ ಬೆರಳುಗಳು ಒಂದು ಗೇಣು ಹಿಂದಿದ್ದವು.

"ಸರಿಯಾಗಿ ಬಂದಿಲ್ಲ ಅಂದ್ಬಿಡು ಅಕ್ಕ, ಪಾಪ," ಅಂತ ಪಿಸುಗುಟ್ಟಿದೆ.

"ಸರಿಯಾಗೇ ಬಂದಿದೆಯಲ್ಲ," ಅಂದಳು. ಆಮೇಲೆ ಎಲ್ಲರಿಗೂ ಕೇಳುವಂತೆ, "ಅರ್ಗಿರಿಸ್ ಹಿಡಿದಿದ್ದು. ನೀನು ಆಮೇಲೆ, ಕ್ಲಿಯಾಂಥಿಸ್."

ಅವನು ಕೈ ಬಿಟ್ಟ. ಟವೆಲ್ ಹೊದ್ದು, ಯಾರ ಮುಖವನ್ನೂ ನೋಡದೆ ಹೊರಟುಹೋದ. ನನಗೆ ಅವಳ ಮೇಲೆ ಸಿಟ್ಟು ಬಂತು. ಒಂದು ಸಣ್ಣ ಸುಳ್ಳು ಹೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತು?

ಅಷ್ಟರಲ್ಲಿ ಅವಳು ಅರ್ಗಿರಿಸನನ್ನು ತಡೆದಿದ್ದಳು. "ಹರಿವಾಣ ಎಲ್ಲಿಂದ ಶುರು ಮಾಡ್ತೀಯ?"

"ನಮ್ಮ ಬೀದಿಯಿಂದ. ಅಮ್ಮ ಬಾಗಿಲಲ್ಲೇ ಕಾಯ್ತಾ ನಿಂತಿರ್ತಾಳೆ."

"ನಿಲ್ಲೋಕಾಗದೋರ ಮನೆಯಿಂದ ಶುರು ಮಾಡು."

ಅವನಿಗೆ ಅರ್ಥವಾಯಿತು. ಹರಿವಾಣ ಎತ್ತಿಕೊಂಡು, ಹೂಂ ಅಂದ.

ನಮ್ಮ ನಡಿಗೆ ಕಡಲು ಬಿಟ್ಟು ಮೆಟ್ಟಿಲು ಹತ್ತತೊಡಗಿತು. ಕಡಲು ಈ ಕಡೆಯಲ್ಲವೇ ಎಂದು ಯಾರೋ ಗೊಣಗಿದರು. "ಅದೆಲ್ಲೂ ಓಡಿಹೋಗಲ್ಲ, ನಡಿ," ಅಂದಳು.

ಬಾಗಿಲು ತೆರೆದ ಕ್ಲಿಯಾಂಥಿಸ್, ಹರಿವಾಣ ಹಿಡಿದ ಅರ್ಗಿರಿಸನಿಗೆ ಅಡ್ಡ ನಿಂತ. "ತೋರಿಸ್ಕೊಂಡು ಹೋಗೋಕೆ ಬಂದ್ಯೇನೋ?"

"ಯಾರನ್ನ ಹೊರಗೆ ನಿಲ್ಲಿಸಿದ್ದೀಯ? ಥಂಡಿ ಎಲ್ಲ ಒಳಗೆ ಬರ್ತಿದೆ," ಎಂದು ಒಳಗಿಂದ ಫೆವ್ರೋನಿಯಾಳ ದನಿ ಬಂತು.

ಅರ್ಗಿರಿಸ್ ಕಾಮಕಸ್ತೂರಿಯ ಚಿಗುರಿನಿಂದ ಅವಳ ಹಣೆಗೆ ಹರಸಿದ ನೀರು ಚಿಮುಕಿಸಿ, ಶಿಲುಬೆಯನ್ನು ತುಟಿಯ ಹತ್ತಿರ ಹಿಡಿದ. ಅವಳು ಕಣ್ಣು ಮುಚ್ಚಿ ಮುತ್ತಿಟ್ಟಳು.

"ನನ್ನ ಕೈಲಾಗ್ಲಿಲ್ಲ ಕಣೇ," ಅಂದ ಕ್ಲಿಯಾಂಥಿಸ್ ಗೋಡೆ ನೋಡುತ್ತಾ.

ಕ್ರಿಸ್ಟಾಲೋ ಅದೇ ಚಿತ್ರ ತೆರೆದು ಕ್ಯಾಮರಾವನ್ನು ಫೆವ್ರೋನಿಯಾಳ ಮುಂದೆ ಹಿಡಿದಳು. ಅವಳು ಬಹಳ ಹೊತ್ತು ನೋಡಿದಳು.

"ಇದು ನೀನಾ? ಪ್ರತಿ ವರ್ಷ ದಂಡೆ ಹತ್ರ ಕಾಲು ಒದ್ದೆ ಮಾಡ್ಕೊಂಡು ಬರ್ತೀಯ ಅನ್ಕೊಂಡಿದ್ದೆ. ಈ ಹೊಟ್ಟೆ ಹೊತ್ಕೊಂಡು ಇಷ್ಟು ಹತ್ರ ಹೋಗಿದ್ಯಾ ನನಗೋಸ್ಕರ?"

ಅವನ ಒದ್ದೆ ಕೈ ಎಳೆದು ಕೆನ್ನೆಗೆ ಒತ್ತಿಕೊಂಡಳು. ಅಷ್ಟು ದೊಡ್ಡ ಗಂಡಸು ಮಂಡಿಯೂರಿ ಬಿಕ್ಕಿ ಬಿಕ್ಕಿ ಅತ್ತ.

"ಇದನ್ನ ದೊಡ್ಡದು ಮಾಡಿಸ್ಕೊಡು ಕ್ರಿಸ್ಟಾಲೋ, ಎದುರು ಗೋಡೆಗೆ ಹಾಕಿಸ್ತೀನಿ," ಅಂದಳು ಫೆವ್ರೋನಿಯಾ. "ಚಿತ್ರದಿಂದ ಈ ಹುಡುಗನ್ನ ಕತ್ತರಿಸ್ಬೇಡ. ಅವನೂ ಇರ್ಲಿ."