ಗಂಡು ಗಿಡ ಕೀಳಲಾರದ ಮೈದುನ

ನನ್ನ ಮೈದುನ ಅತ್ತಿದ್ದನ್ನು ನಾನು ಕಣ್ಣಾರೆ ಎರಡೇ ಸಲ ನೋಡಿದ್ದೇನೆ. ಒಮ್ಮೆ ಅವನ ಅಣ್ಣ, ಅಂದರೆ ನನ್ನ ಗಂಡ ತೀರಿಕೊಂಡಾಗ. ಇನ್ನೊಮ್ಮೆ ನಮ್ಮ ಶಹಾಪುರದ ಮನೆಯ ಹಿತ್ತಲಲ್ಲಿ ಒಂದು ಗಂಡು ಗಾಂಜಾ ಗಿಡವನ್ನು ಕೀಳು ಎಂದು ನಾನು ಹೇಳಿದಾಗ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಅತ್ತ ಎಂದು ಕೇಳಿದರೆ, ಐ ವುಡ್ ರಾದರ್ ನಾಟ್ ಸೇ.

ಹುಬ್ಬೇರಿಸುವ ಮೊದಲು ಪೂರ್ತಿ ಕೇಳಿ. ಹೈದರಾಬಾದಿನ ಕಾನ್ವೆಂಟಿನಲ್ಲಿ ನನ್‌ಗಳ ಕೈಯಲ್ಲಿ ಓದಿ, ಯಾದಗಿರಿಯ ಮಕ್ಕಳಿಗೆ ಆಯುಷ್ಯವೆಲ್ಲ ಇಂಗ್ಲಿಷ್ ಗ್ರಾಮರ್ ಕಲಿಸಿ ರಿಟೈರ್ ಆದ ನಾನು ಚಿಲುಮೆ ಸೇದುವವಳಲ್ಲ. ನನಗೆ ಬೇಕಾಗಿದ್ದದ್ದು ಒಂದು ವಾಸನೆ, ಅಷ್ಟೇ. ಮದುವೆಯಾಗಿ ಸುರಪುರದ ಮನೆಗೆ ಬಂದಾಗ ಅಲ್ಲಿಯ ಬಾವಿಯ ಪಕ್ಕದಲ್ಲಿ ಒಂದು ಗಿಡವಿತ್ತು. ಎಲೆ ತಿಕ್ಕಿದರೆ ಎಳೆ ಮಾವಿನಕಾಯಿ ಮುರಿದಂತೆ, ಅದರ ಮೇಲೆ ಚೂರು ನಿಂಬೆ ಸಿಪ್ಪೆ ಹಿಂಡಿದಂತೆ ಘಮ. ನನ್ನ ಗಂಡ ಸಂಜೆ ಬಾವಿಕಟ್ಟೆಯಲ್ಲಿ ಕೂತು ಒಳಗೆ ಬಂದರೆ ಅವರ ಅಂಗಿಯ ತೋಳಿನಲ್ಲಿ ಅದೇ ವಾಸನೆ. ‘ಇದ್ಯಾವ ಸೆಂಟು?’ ಎಂದು ಹೊಸ ಮದುಮಗಳು ಕೇಳಿದೆ. ‘ಔಷಧಿ’ ಎಂದರು. ಅದೇನೆಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಅಷ್ಟರಲ್ಲಿ ವಾಸನೆ ಒಗ್ಗಿಹೋಗಿತ್ತು. ಕಾನ್ವೆಂಟ್ ಎಜುಕೇಷನ್ನಿನ ದೊಡ್ಡ ಲಾಭ ಇದು: ಪ್ರಪಂಚದ ಬಗ್ಗೆ ಏನೂ ಗೊತ್ತಿರುವುದಿಲ್ಲ, ಆದರೆ ಅದನ್ನು ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಲು ಬರುತ್ತದೆ.

ಬಾವಿ ಮುಚ್ಚಿತು, ಆ ಮನೆ ಮಾರಿ ಶಹಾಪುರಕ್ಕೆ ಬಂದೆವು, ಅಂಗಿ ತೊಡುವವರೂ ಹೋದರು. ಬೀಜ ಮಾತ್ರ ಮೈದುನನ ಹತ್ತಿರ ಉಳಿಯಿತು. ಪ್ರತಿ ಮಳೆಗಾಲ ಹಿತ್ತಲಲ್ಲಿ ಪುಂಡಿ ಪಲ್ಯದ, ಅಂದರೆ ಹುಳಿ ಸೊಪ್ಪಿನ, ಸಾಲುಗಳ ನಡುವೆ ಅದನ್ನು ಹಾಕುತ್ತಿದ್ದ. ಪುಂಡಿ ಎಲೆಯೂ ಗಾಂಜಾ ಎಲೆಯೂ ದೂರದಿಂದ ಅಣ್ಣತಮ್ಮಂದಿರಂತೆ ಕಾಣುತ್ತವೆ. ಅವನು ಒಂದು ಭಜನಾ ಮಂಡಳಿಯ ಮುಖಂಡ. ಅವರ ಮಂಡಳಿಯಲ್ಲಿ ಗಾಂಜಾ ಸೇದುವುದಿಲ್ಲ, ‘ಗುರುವಿನ ಪ್ರಸಾದ’ ತೆಗೆದುಕೊಳ್ಳುತ್ತಾರೆ. ಇದು ಕಾನೂನಿಗೆ ವಿರುದ್ಧ ಎಂದು ನನಗೂ ಗೊತ್ತಿತ್ತು. ಪೊಲೀಸರು ಬರಲಿಲ್ಲವೇ ಎನ್ನುತ್ತೀರಾ? ಬರುತ್ತಿದ್ದರು. ಪ್ರತಿ ಅಮಾವಾಸ್ಯೆ ಒಬ್ಬ ಹವಾಲ್ದಾರ ತಪ್ಪದೆ ಬರುತ್ತಿದ್ದ, ತಾಳ ಬಾರಿಸಲು.

ಭಜನೆಯವರು ಎಲ್ಲೆಲ್ಲಿಂದಲೋ ತಂದ ಬೀಜ ಸೇರಿಸಿ ಸೇರಿಸಿ ಗಿಡ ಜೋಳದಂತೆ ಉದ್ದಕ್ಕೆ ಬೆಳೆಯಿತು, ಆದರೆ ವಾಸನೆ ತೊಯ್ದ ಗೋಣಿಚೀಲದ್ದು. ನಾನು ಆಸೆ ಬಿಟ್ಟಿದ್ದೆ. ಹೀಗಿರುವಾಗ ಒಂದು ವರ್ಷ ಮೂಲೆಯಲ್ಲಿದ್ದ ಒಂದು ಹೆಣ್ಣು ಗಿಡದ ಎಲೆ ತಿಕ್ಕಿ ಮೂಸಿದವಳು ಹಾಗೆಯೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಮಾವಿನಕಾಯಿ ಇತ್ತು, ನಿಂಬೆ ಇರಲಿಲ್ಲ. ಅದರ ಪಕ್ಕದ ಒಂದು ಗಂಡು ಗಿಡದಲ್ಲಿ ನಿಂಬೆ ಇತ್ತು.

ನಮಗೆ ಬಾಟನಿ ಕಲಿಸಿದ ಸಿಸ್ಟರ್ ಹೇಳುತ್ತಿದ್ದರು, ‘ಗಾಳಿಗೆ ಮ್ಯಾನರ್ಸ್ ಇಲ್ಲ, ಗರ್ಲ್ಸ್.’ ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ, ನಮ್ಮ ಪಪ್ಪಾಯಿಯ ಹಾಗೆ. ಎಲೆಯ ವಾಸನೆ ಎರಡಕ್ಕೂ ಇದ್ದರೂ ಗಾಢ ಘಮವೂ ನಶೆಯೂ ಇರುವುದು ಹೆಣ್ಣಿನ ಹೂವಿನಲ್ಲಿ. ಗಂಡಿನ ಬಂಡವಾಳ ಬರೀ ಹಳದಿ ಪುಡಿ. ಗಾಳಿಯಲ್ಲಿ ಹಾರಿ ಹೆಣ್ಣಿಗೆ ತಗುಲಿದರೆ ಹೂವೆಲ್ಲ ಬೀಜವಾಗಿ ಭಜನೆಯವರಿಗೆ ನಷ್ಟ. ನನಗೋ, ಆ ಒಂದು ನಿಂಬೆಯ ಗಂಡಿನ ಪುಡಿ ಈ ಒಂದು ಮಾವಿನ ಹೆಣ್ಣಿಗೆ ಮಾತ್ರ ಸೇರಬೇಕು. ಇಬ್ಬರ ಹಿತವೂ ಒಂದೇ: ಉಳಿದ ಗಂಡುಗಳೆಲ್ಲ ಅರಳುವ ಮೊದಲೇ ಹೋಗಬೇಕು.

‘ಈ ಮೂಲ್ಯಾಗಿನ ಒಂದನ್ನ ಬಿಟ್ಟು ಉಳಿದ ಗಂಡು ಎಲ್ಲಾ ಕೀಳು,’ ಎಂದೆ ಮೈದುನನಿಗೆ.

‘ಎಲ್ಲಾ?’

‘ಎಲ್ಲಾ. ನಿನ್ನ ಹುಲಿ ಸುದ್ದಾ.’

ಹುಲಿ ಎಂದರೆ ಗೋಡೆಗಿಂತ ಎತ್ತರ ಬೆಳೆದಿದ್ದ ಒಂದು ಗಂಡು ಗಿಡ. ಅದಕ್ಕೆ ಅವನು ದಿನಾ ಒಂದು ತಂಬಿಗೆ ನೀರು ಹೆಚ್ಚಿಗೆ ಹಾಕುತ್ತಿದ್ದ.

‘ವೈನಿ, ಗಂಡ್ಮಕ್ಕಳನ್ನ ಯಾರರ ಕಿತ್ತು ಒಗೀತಾರೇನ್ರಿ? ನೋಡ್ರಿ, ಹೆಂಗ ಬೆಳದಾನ!’

‘ಬೆಳದಾನ, ಖರೆ. ಏನ್ ಮಾಡ್ತಾನ?’

‘ಮಾಡೋದೇನ್ರಿ? ಗಂಡು ಅಂತ ಒಂದು ಇರಬೇಕಲ್ರಿ ಮನ್ಯಾಗ.’

ಪುಂಡಿ ಸೊಪ್ಪು ಚಿವುಟುತ್ತಿದ್ದ ಅವನ ಹೆಂಡತಿ, ನನ್ನ ನೆಗೆಣ್ಣಿ, ತಲೆ ಎತ್ತದೆಯೇ ಹೇಳಿದಳು: ‘ಐತಲ್ರಿ ಅಕ್ಕಾರ ಒಂದು ಮನ್ಯಾಗ. ಅದೂ ಏನೂ ಮಾಡಂಗಿಲ್ಲ.’

ಆಗ ಮೈದುನ ಅತ್ತೇಬಿಟ್ಟ, ಹುಲಿಯ ಕಾಂಡಕ್ಕೆ ಕೈ ಹಚ್ಚಿ. ನನಗೆ ಒಂದು ಹಳೆಯ ಮಧ್ಯಾಹ್ನ ನೆನಪಾಯಿತು. ಯಾದಗಿರಿಯ ಆಸ್ಪತ್ರೆಯಲ್ಲಿ ನನ್ನ ಎರಡನೆಯ ಮಗಳು ಹುಟ್ಟಿದ ದಿನ ಈ ಮನುಷ್ಯ ಬಗಲಲ್ಲಿ ಪೇಡೆಯ ಡಬ್ಬಿ ಹಿಡಿದು ವಾರ್ಡಿನ ಬಾಗಿಲವರೆಗೆ ಬಂದಿದ್ದ. ನರ್ಸ್ ‘ಹೆಣ್ಣು’ ಎಂದಳು. ಡಬ್ಬಿ ಸಮೇತ ಹಾಗೆಯೇ ತಿರುಗಿ ಹೋದ. ಆ ಪೇಡೆ ಯಾರ ಹೊಟ್ಟೆಗೆ ಹೋಯಿತೋ ಇಂದಿಗೂ ತಿಳಿಯದು. ಅಂಥವನ ಕೈಗೆ ದೇವರು ಹೆಣ್ಣನ್ನು ಮಾತ್ರ ಸಾಕಬೇಕಾದ ಬೆಳೆ ಕೊಟ್ಟಿದ್ದ. ನಾನು ದೇವರನ್ನು ನಂಬುವುದು ಇಂಥ ಸಣ್ಣಪುಟ್ಟ ಕಾರಣಗಳಿಗೆ.

ಮರುದಿನ ‘ಎಲ್ಲಾ ಕಿತ್ತೀನ್ರಿ’ ಎಂದ. ಹಿತ್ತಲಲ್ಲಿ ಹುಲಿ ಇರಲಿಲ್ಲ, ನಂಬಿದೆ. ನನ್ನ ನಿಂಬೆಯ ಗಂಡು ಅರಳಿದಾಗ ಅದರ ಪುಡಿಯನ್ನು ಕಾಗದದಲ್ಲಿ ಉದುರಿಸಿಕೊಂಡು, ವಾಟರ್ ಕಲರ್ ಬ್ರಷ್ಷಿನಿಂದ ಮಾವಿನ ಹೆಣ್ಣಿನ ಒಂದೇ ಕೊಂಬೆಗೆ ಹಚ್ಚಿದೆ. ಪ್ಯಾಸಿವ್ ವಾಯ್ಸ್ ತಪ್ಪು ಬರೆದಿದ್ದ ಯಾವನದೋ ಹಳೆಯ ಉತ್ತರ ಪತ್ರಿಕೆಯ ಚೀಲ ಮಾಡಿ ಕೊಂಬೆಗೆ ತೊಡಿಸಿ ಕೆಂಪು ದಾರ ಕಟ್ಟಿದೆ. ಜನ್ಮದಲ್ಲಿ ಮೊದಲ ಬಾರಿ ಆ ಹುಡುಗನ ಉತ್ತರ ಒಂದು ಕೆಲಸಕ್ಕೆ ಬಂತು.

ವಾರದೊಳಗೆ ಮಾಳಿಗೆಯ ಮೇಲೆ ಒಣಹಾಕಿದ್ದ ನನ್ನ ಬಿಳಿ ಸೀರೆ ಹಳದಿಯಾಗಿ ಕೆಳಗೆ ಬಂತು. ಅರಿಶಿನವೇ? ಬೆರಳಿಂದ ಮುಟ್ಟಿ ಮೂಸಿದೆ. ಗೋಣಿಚೀಲ. ಮೊಣಕಾಲು ಬೈಯುತ್ತಿದ್ದರೂ ಮೆಟ್ಟಿಲು ಹತ್ತಿದೆ. ನೀರಿನ ಟಾಕಿಯ ಹಿಂದೆ ಬಣ್ಣದ ಡ್ರಮ್ಮಿನಲ್ಲಿ, ಕೋಲಿಗೆ ಕಟ್ಟಿಸಿಕೊಂಡು ಹುಲಿ ನಿಂತಿತ್ತು, ಗಾಳಿಗೆ ಮೈ ಕೊಡವುತ್ತ.

‘ಕಿತ್ತು ಒಗಿಯಾಕ ಕೈ ಬರಲಿಲ್ರಿ ವೈನಿ. ಪಾಪ ಅನಸ್ತು.’

‘ಇರಲಿ. ನನ್ನ ಕೊಂಬಿಗೆ ಚೀಲ ಐತಿ,’ ಎಂದು ಸಮಾಧಾನ ಮಾಡಿಕೊಂಡೆ.

ಅವನು ನೆಲ ನೋಡಿದ. ‘ಅದನ್ನೂ ಮೊನ್ನೆನ ಬಿಚ್ಚೇನ್ರಿ. ಉಸಿರು ಕಟ್ಟತಿತ್ತಲ್ರಿ ಅದಕ.’

ಜೀವಮಾನದಲ್ಲಿ ಒಮ್ಮೆ ಒಂದು ಹೆಣ್ಣಿನ ಮೇಲೆ ಕನಿಕರ ಬಂದಿತ್ತು ಮಹಾಶಯನಿಗೆ, ಅದೂ ಬರಬಾರದ ವಾರದಲ್ಲಿ.

ಶಿಕ್ಷೆ ಅವನಿಗೂ ಆಯಿತು. ಕೊಯ್ಲಾದ ಮೇಲಿನ ಅಮಾವಾಸ್ಯೆಗೆ ಸುರಪುರದಲ್ಲಿ ದೊಡ್ಡ ಭಜನೆ. ಇವನು ತನ್ನ ಬೆಳೆಯ ಪ್ರಸಾದ ಹೊತ್ತು ಹೋದ. ಹೂವಿನ ತುಂಬ ಬೀಜ. ಬೀಜ ಬೆಂಕಿಗೆ ಬಿದ್ದರೆ ಸಿಡಿಯುತ್ತದೆ. ನಾನು ಅಲ್ಲಿರಲಿಲ್ಲ, ಆದರೆ ಬೆಳಿಗ್ಗೆ ಹವಾಲ್ದಾರನೇ ಮನೆಗೆ ಬಂದು ಮೀಸೆ ತೋರಿಸಿದ. ಎಡಗಡೆ ಅರ್ಧ ಇರಲಿಲ್ಲ.

‘ಟೀಚರ್‍ರ, ಇದು ಪ್ರಸಾದ ಏನ್ರಿ, ದೀಪಾವಳಿ ಪಟಾಕಿ ಏನ್ರಿ? ಚಟ್ ಅಂತು, ಭಜನಿ ಪದ ಅಲ್ಲೇ ನಿಂತು ಹೋತು. ಮಂದಿ ಎಲ್ಲಾ ನಕ್ಕು ನಕ್ಕು ಸಾಕಾತು!’

‘ಕಂಪ್ಲೇಂಟ್ ಕೊಡ್ರಿ,’ ಎಂದೆ. ಅವನು ಚಹಾ ಕುಡಿದು ಹೋದ.

ಮುಂದಿನ ಮಳೆಗೆ ನನ್ನ ಕೊಂಬೆಯ ಬೀಜಗಳನ್ನು ಬಿತ್ತಿದೆ. ಅಪ್ಪ ನನ್ನ ನಿಂಬೆಯೋ, ಅವನ ಹುಲಿಯೋ ಹೇಳುವವರಿಲ್ಲ. ಇಪ್ಪತ್ತರ ಮೇಲೆ ಸಸಿ ಬಂದವು. ಪ್ರತಿ ಬೆಳಿಗ್ಗೆ ಅಟೆಂಡೆನ್ಸ್ ತೆಗೆದುಕೊಳ್ಳುವಂತೆ ಒಂದೊಂದರ ಎಲೆ ತಿಕ್ಕಿ ಮೂಸುತ್ತ ಹೋದೆ. ಗೋಣಿಚೀಲ, ಗೋಣಿಚೀಲ, ಗೋಣಿಚೀಲ. ಒಂದರಲ್ಲಿ ಅರೆಬರೆ ಮಾವು. ನಳದ ಪಕ್ಕದ ಒಂದೇ ಒಂದರಲ್ಲಿ ಎರಡೂ. ಕಣ್ಣು ಮುಚ್ಚಿದರೆ ಸುರಪುರದ ಸಂಜೆ, ಅಂಗಿಯ ತೋಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಮುದುಕಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ, ಅದಾಗಲೇ ಅನ್ನುತ್ತಿದ್ದರು.

ಹೂ ಬಿಡುವ ಕಾಲ ಬಂತು. ಹೆಣ್ಣಾದರೆ ಗೆಣ್ಣಿನಲ್ಲಿ ಬಿಳಿ ಕೂದಲು ಮೂಡುತ್ತದೆ, ಗಂಡಾದರೆ ಸಣ್ಣ ಗುಂಡು ಮೊಗ್ಗು. ಕನ್ನಡಕ ಹಾಕಿ, ಒರೆಸಿ, ಮತ್ತೆ ಹಾಕಿ ನೋಡಿದೆ. ಗುಂಡು. ಗಂಡು ಹುಟ್ಟಿತೆಂದು ನಿರಾಶೆಪಟ್ಟ ಹೆಂಗಸು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಆದರೂ ಇವನ ಪುಡಿಯನ್ನು ಆ ಅರೆಬರೆ ಮಾವಿನ ಹೆಣ್ಣಿಗೆ ಹಚ್ಚಿದರೆ ವಾಸನೆ ಉಳಿದೀತು. ಅರಳಲು ಎರಡು ಮೂರು ದಿನ ಬೇಕಿತ್ತು. ಅಷ್ಟರಲ್ಲಿ ಪೆನ್ಷನ್ನಿಗೆ ನಾನು ಬದುಕಿದ್ದೇನೆ ಎಂದು ಸಾಬೀತು ಮಾಡಲು ಒಂದು ದಿನ ಯಾದಗಿರಿಗೆ ಹೋಗಬೇಕಾಯಿತು.

ಮಧ್ಯಾಹ್ನ ಬಸ್ಸಿಳಿದು ಬಂದರೆ ಮೈದುನ ಅಂಗಳದಲ್ಲೇ ಎದೆ ಉಬ್ಬಿಸಿ ನಿಂತಿದ್ದ.

‘ವೈನಿ, ಈ ಸಲ ನಿಮ್ಮ ಮಾತು ನಡಸೇನ್ರಿ. ಗಂಡು ಅಂಬೋದು ಒಂದೂ ಬಿಟ್ಟಿಲ್ಲ. ಮೊದಲಿಗೆ ನಳದ ಬಾಜೂಕಿನದ ಕಿತ್ತೆ!’

ತಡವಾಗಿ ಆದರೂ ಹೋಮ್‌ವರ್ಕ್ ಪೂರ್ತಿ ಮಾಡಿ ತಂದ ಹುಡುಗನಿಗೆ ಟೀಚರ್ ಏನು ಹೇಳಬೇಕು? ತಿಪ್ಪೆಗೆ ಓಡಿದೆ. ನಾನು ಓಡಿದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಬಾಡಿದ ಗುಡ್ಡೆಯಲ್ಲಿ ಒಂದೊಂದನ್ನೇ ಮೂಸಿ ಮೂಸಿ ಅವನನ್ನು ಹುಡುಕಿದೆ. ತಲೆ ಜೋತುಬಿದ್ದಿತ್ತು, ಮೊಗ್ಗು ಇನ್ನೂ ಮುಚ್ಚಿದ್ದವು. ಬೇರು ಕತ್ತರಿಸಿ, ಷೋಕೇಸಿನಲ್ಲಿದ್ದ ನನ್ನ ಎಲೊಕ್ಯೂಷನ್ ಕಪ್ಪಿನಲ್ಲಿ ನೀರು ತುಂಬಿ ಅದರಲ್ಲಿ ನಿಲ್ಲಿಸಿದೆ. ಕೆಳಗೆ ಪೇಪರ್ ಹಾಸಿದೆ.

‘ಅಯ್ಯ ಅಕ್ಕಾರ,’ ಎಂದಳು ನೆಗೆಣ್ಣಿ, ‘ಒಂದು ಗಂಡಿಗೆ ನೀವು ಇಷ್ಟು ಸೇವಾ ಮಾಡೋದು ಇವತ್ತ ನೋಡಿದೆ.’

ಮೈದುನನಿಗೆ ಏನೂ ತಿಳಿಯಲಿಲ್ಲ. ಒಂದು ಎಲೆ ತಿಕ್ಕಿ ಅವನ ಮೂಗಿಗೆ ಹಿಡಿದೆ. ಮೂಸಿದ. ಇನ್ನೊಮ್ಮೆ ಮೂಸಿದ. ‘ಬಾವಿಕಟ್ಟಿ,’ ಎಂದ. ಎಲೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ‘ಅಣ್ಣ’ ಎಂದ. ಆಮೇಲೆ ಎದ್ದು ಹೋಗಿ ಫ್ಯಾನ್ ಆರಿಸಿದ, ಕಿಟಕಿ ಹಾಕಿದ.

ಮೂರನೆಯ ಬೆಳಿಗ್ಗೆ ಮೊಗ್ಗು ಬಿರಿದು ಪೇಪರಿನ ಮೇಲೆ ಹಳದಿ ಪುಡಿ ಬಿದ್ದಿತ್ತು, ಬೆರಳ ತುದಿಗೆ ಅಂಟುವಷ್ಟು. ಮೈದುನ ಒಳಗೆ ಬಾಗಿಲಿಗೆ ಒರಗಿ, ಮೂಗಿಗೆ ಟವೆಲ್ ಒತ್ತಿ ನಿಂತಿದ್ದ, ತನ್ನ ಉಸಿರಿಗೆ ಎಲ್ಲಿ ಹಾರಿಹೋಗುತ್ತದೋ ಎಂದು.

‘ಪೇಡೆ ತಂದೀಯೇನು?’ ಎಂದು ಕೇಳಿದೆ.

ಅವನಿಗೆ ಅರ್ಥವಾಯಿತು. ಟವೆಲ್ ಮೂಗಿನಿಂದ ಕಣ್ಣಿನವರೆಗೆ ಏರಿತು; ಅದರೊಳಗೆ ಏನಾಯಿತೋ ಕಾಣಲಿಲ್ಲ, ಲೆಕ್ಕಕ್ಕೆ ಹಿಡಿದಿಲ್ಲ.

ಅಡಿಗೆಮನೆಯಿಂದ ನೆಗೆಣ್ಣಿಯ ದನಿ: ‘ಮೊದಲ ಗಂಡೋ ಹೆಣ್ಣೋ ಹೇಳ್ರಿ ಅಕ್ಕಾರ. ಆಮ್ಯಾಲ ತರ್ತಾರ.’

ನಗಬಾರದಿತ್ತು, ಪುಡಿ ಹಾರುತ್ತದೆ. ತುಟಿ ಕಚ್ಚಿಕೊಂಡು ಪೇಪರನ್ನು ಮಡಿಚಿ, ಬ್ರಷ್ ಎತ್ತಿಕೊಂಡು ಹಿತ್ತಲಿಗೆ ನಡೆದೆ.