ಕಂಬಳಿ ಹೊದ್ದ ಕಂಪ್ಯೂಟರು

ಶಿಕಾರಿಪುರದಿಂದ ಸೊರಬದವರೆಗೆ ಒಂದು ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಹೋದ ಮನುಷ್ಯ ನಾನು. ಇದನ್ನು ಹೇಳಿಕೊಳ್ಳಲು ನನಗೆ ಈಗ ನಾಚಿಕೆಯೇನಿಲ್ಲ. ಆಗಲೂ ಇರಲಿಲ್ಲ. ಕಂಡಕ್ಟರ್ ಬಂದು, "ಏನ್ರಿ ಅದು, ಕುರಿಮರಿಯೇನ್ರಿ?" ಎಂದು ಕೇಳಿದ. "ಕಂಪ್ಯೂಟರ್ ರೀ" ಎಂದೆ. ಅಷ್ಟೇ, ಅಕ್ಕಪಕ್ಕದವರೆಲ್ಲ ಕತ್ತು ಚಾಚಿ ನೋಡಿದರು. ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿ ಸ್ವಲ್ಪ ಆಚೆ ಸರಿದು, ಅದಕ್ಕೆ ಜಾಗ ಬಿಟ್ಟುಕೊಟ್ಟಳು. ಶಿರಾಳಕೊಪ್ಪ ದಾಟಿದ ಮೇಲೆ ಮೆಲ್ಲಗೆ ಕಂಬಳಿಯನ್ನು ಮುಟ್ಟಿ, ಆ ಬೆರಳುಗಳನ್ನು ಕಣ್ಣಿಗೊತ್ತಿಕೊಂಡಳು. ನಾನು ನಗಲಿಲ್ಲ. ನನ್ನದೂ ಅದೇ ಅವಸ್ಥೆಯಾಗಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಆಮಂತ್ರಣ, ಸಹಕಾರ ಸಂಘದ ಕರಪತ್ರ, ಇವೇ ನನ್ನ ಸಾಹಿತ್ಯ. ಯಂತ್ರ ಫೋರ್ ಎಯ್ಟಿ ಸಿಕ್ಸ್ ಎಂಬ ಹಳೆಯ ಕಾಲದ್ದು. ಒಂದು ಲಗ್ನಪತ್ರಿಕೆಯನ್ನು ಪರದೆಯ ಮೇಲೆ ಪೂರ್ತಿ ತೋರಿಸು ಎಂದರೆ ಸಾಕು, ಮೊದಲು ಮೇಲಿನ ಗಣಪತಿಯ ಸೊಂಡಿಲು ಬರುತ್ತಿತ್ತು, ತುಸು ಹೊತ್ತಿಗೆ ಹೊಟ್ಟೆ, ಆಮೇಲೆ ಒಂದೊಂದೇ ಸಾಲು. ನಾನು ಎದುರಿನ ಹೋಟೆಲಿಗೆ ಹೋಗಿ ಚಹಾ ಕುಡಿದು ಬಂದರೂ ವಧುವಿನ ಸೋದರಮಾವ ಇನ್ನೂ ಬಂದಿರುತ್ತಿರಲಿಲ್ಲ.

ಶಿವಮೊಗ್ಗದ ಮಾರಾಟಗಾರರೊಬ್ಬರು ಬಂದು ನೋಡಿ, "ಮದರ್‌ಬೋರ್ಡ್ ಒಂದು ಬದಲಾಯಿಸಿ ಸಾರ್, ಪೆಂಟಿಯಂ ಹಾಕಿ, ಕುದುರೆ ಆಗುತ್ತೆ" ಎಂದರು. ಒಂದು ಬೋರ್ಡು ತಾನೆ ಎಂದುಕೊಂಡೆ. ಆಮೇಲೆ ತಿಳಿಯಿತು, ಹೊಸ ಬೋರ್ಡಿಗೆ ಹಳೆಯ ರ‍್ಯಾಮ್ ಕೂರುವುದಿಲ್ಲವಂತೆ. ಹಳೆಯ ಡಿಸ್‌ಪ್ಲೇ ಕಾರ್ಡೂ ಹಿಡಿಸುವುದಿಲ್ಲವಂತೆ. ನಮ್ಮಜ್ಜ ಒಮ್ಮೆ ಗಾಡಿಯ ಅಚ್ಚು ಬದಲಾಯಿಸಲು ಹೋಗಿದ್ದ. ಅಚ್ಚಿಗೆ ಚಕ್ರ ಒಗ್ಗದೆ ಚಕ್ರ, ಚಕ್ರದ ಎತ್ತರಕ್ಕೆ ನೊಗ ಒಗ್ಗದೆ ನೊಗ, ನೊಗಕ್ಕೆ ಎತ್ತು ಒಗ್ಗದೆ ಎತ್ತು. ಕೊನೆಗೆ ಹಳೆಯದರಲ್ಲಿ ಉಳಿದದ್ದು ಎತ್ತಿನ ಕೊರಳ ಗಂಟೆ ಮಾತ್ರ. ಅಜ್ಜ ಈ ಕತೆಯನ್ನು ತಾನೇ ನಕ್ಕು ನಕ್ಕು ಹೇಳುತ್ತಿದ್ದ. ನನಗೆ ಮಾತು ಕಲಿಸಿದವನು ಅವನೇ. ಬುದ್ಧಿ ಕಲಿಸಲು ಅವನ ಹತ್ತಿರವೂ ಹೆಚ್ಚಿಗೆ ಇರಲಿಲ್ಲ ಎಂದು ಕಾಣುತ್ತದೆ.

ಬೋರ್ಡಿಗೆ ಬೇಕಾದ ಹಣ ಮನೆಯಲ್ಲಿತ್ತು. ಆದರೆ ಅದರ ಮೇಲೆ ಆಗಲೇ ಒಂದು ಹೆಸರು ಬರೆದಿತ್ತು. ನನ್ನ ಹೆಂಡತಿ ಗಿರಿಜಾ ಬಳ್ಳಿಗಾವಿ ಕಡೆಯ ಶಾಲೆಯಲ್ಲಿ ಟೀಚರ್. ಎರಡು ಬಸ್ಸು ಹಿಡಿದು, ಉಳಿದದ್ದನ್ನು ನಡೆದು ಹೋಗಬೇಕು. ಮೊಪೆಡ್ ಕೊಡಿಸುತ್ತೇನೆಂದು ನಾನು ಮಾತು ಕೊಟ್ಟು ಎರಡು ವರ್ಷವಾಗಿತ್ತು. ಬೋರ್ಡಿನ ವಿಷಯ ಎತ್ತಿದಾಗ ಅವಳು ಜಗಳ ಮಾಡಲಿಲ್ಲ. "ನಿಮ್ಮಿಷ್ಟ" ಎಂದಳು. ಸಂಸಾರಸ್ಥರಿಗೆ ಆ ಪದದ ತೂಕ ಗೊತ್ತು.

ಹೀಗೆ ಇಕ್ಕಟ್ಟಿಗೆ ಸಿಕ್ಕಿ, ಸೊರಬದ ಗುತ್ಯಪ್ಪನವರನ್ನು ಕೇಳಿಬಿಡೋಣ ಎಂದು ಹೊರಟದ್ದು. ಗುತ್ಯಪ್ಪ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು. ಆಮೇಲೆ ಟೀವಿ, ಈಗ ಕಂಪ್ಯೂಟರು. ಅಂಗಡಿಯ ಬೆಂಚಿನ ಮೇಲೆ ಕಂಬಳಿ ಬಿಚ್ಚಿ, ಸ್ಕ್ರೂ ತೆಗೆದು, ಮುಚ್ಚಳ ಎತ್ತಿದರು. ಒಳಗೆ ಬಸ್ ಸ್ಟ್ಯಾಂಡಿನ ಧೂಳೆಲ್ಲ ಸಂಸಾರ ಹೂಡಿತ್ತು. ಪೇಂಟ್ ಬ್ರಷ್ಷಿನಿಂದ ಮೆಲ್ಲಗೆ ಗುಡಿಸಿ, ತಮ್ಮ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, "ನೀವೇ ನೋಡಿ ಮಾರಾಯ್ರೆ" ಎಂದರು.

ನೋಡಿದೆ. ಮೂರು ವರ್ಷ ದಿನವೂ ಬೈದುಕೊಂಡ ಯಂತ್ರದ ಒಳಗನ್ನು ಅವತ್ತೇ ನಾನು ಮೊದಲ ಸಲ ನೋಡಿದ್ದು. ಹಸಿರು ಹಲಗೆ, ಅದರ ಮೇಲೆ ಎಳೆಎಳೆಯಾಗಿ ಹರಿದ ಗೆರೆಗಳು. ಹತ್ತಾರು ಗೆರೆಗಳು ಒಟ್ಟಿಗೆ ಹೊರಟು, ಒಟ್ಟಿಗೆ ತಿರುಗಿ, ಒಂದನ್ನೊಂದು ಮುಟ್ಟದೆ ತಮ್ಮ ತಮ್ಮ ಮನೆ ಸೇರುತ್ತಿದ್ದವು. ಬಳ್ಳಿಗಾವಿಯ ಗುಡಿಗಳಲ್ಲಿ ಕತ್ತೆತ್ತಿ ಚಾವಣಿ ನೋಡುವಾಗ ಉಸಿರು ಹಿಡಿಯುತ್ತದಲ್ಲ, ಹಾಗಾಯಿತು. ಅಲ್ಲಿ ಕಲ್ಲಿಗೆ ಉಳಿ ಹಿಡಿದವರು ಎಷ್ಟು ದಿನ ಕತ್ತು ನೋಯಿಸಿಕೊಂಡರೋ. ಇಲ್ಲಿ ಈ ಗೆರೆಗಳನ್ನು ಕೂತು ಯೋಚಿಸಿದವರು ಯಾರೋ, ಯಾವ ದೇಶದವರೋ. ನಮ್ಮ 'ಕ್ಷ' ಹೇಗಿರುತ್ತದೆಂದು ಕನಸಿನಲ್ಲೂ ಕಾಣದವರು. ಅವರು ಹಾಕಿದ ದಾರಿಯಲ್ಲಿ ನಮ್ಮೂರ ಲಗ್ನಪತ್ರಿಕೆಗಳ ಲಕ್ಷ್ಮವ್ವ, ರುದ್ರಪ್ಪ ಎಲ್ಲರೂ ಸಾಲು ತಪ್ಪದೆ ಹಾದು ಬರುತ್ತಿದ್ದರು.

"ಬೋರ್ಡು ಗಟ್ಟಿ ಇದೆ" ಎಂದರು ಗುತ್ಯಪ್ಪ. "ನಿಧಾನ ಅನ್ನೋದು ರೋಗ ಅಲ್ಲ. ಹೊಸದು ಹಾಕಿದ್ರೆ ಆರು ನಿಮಿಷದ ಕೆಲಸ ಒಂದು ನಿಮಿಷಕ್ಕೆ ಆಗ್ತದೆ. ಉಳಿದ ಐದು ನಿಮಿಷ ಏನು ಮಾಡ್ತೀರಿ?"

"ಇನ್ನೊಂದು ಲಗ್ನಪತ್ರಿಕೆ ಮಾಡ್ತೀನಿ."

"ಅಷ್ಟೆಲ್ಲ ಮದುವೆ ಇದಾವಾ ನಿಮ್ಮೂರಲ್ಲಿ?"

ನಾನು ಯಂತ್ರಕ್ಕೆ ಮತ್ತೆ ಕಂಬಳಿ ಸುತ್ತಿಕೊಂಡು ಬಂದೆ. ಬಂದೆ, ಆದರೂ ಆಸೆ ಬಿಟ್ಟಿರಲಿಲ್ಲ. ಶಿವಮೊಗ್ಗದವರಿಗೆ ತಿಂಗಳೊಳಗೆ ಹೇಳುತ್ತೇನೆಂದಿದ್ದೆ.

ಆ ವಾರವೇ ಉಡುತಡಿಯ ಬೀರಪ್ಪಜ್ಜ ಬಂದ. ಕುರಿ ಕಾಯ್ದು ಬಾಳಿದ ಜೀವ. ಮೊಮ್ಮಗಳ ಮದುವೆ, ಪತ್ರಿಕೆ ಆಗಬೇಕಿತ್ತು. ಮಗ ಬರೆದುಕೊಟ್ಟ ಚೀಟಿಯನ್ನು ನಾನು ಟೈಪ್ ಮಾಡಿ, ಪರದೆಯ ಮೇಲೆ ಪೂರ್ತಿ ತೋರಿಸಲು ಯಂತ್ರಕ್ಕೆ ಹೇಳಿ ಕೂತೆ. ಅಜ್ಜನಿಗೆ ಓದು ಬಾರದು. ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿ ಕೂತು, "ಮೇಷ್ಟ್ರೆ, ಯಾರ್ ಬಂದ್ರು ಹೇಳ್ರಿ" ಎಂದ. ಹೆಂಡತಿ ಟೀಚರ್ ಆದ ಪುಣ್ಯಕ್ಕೆ ಜನ ನನ್ನನ್ನೂ ಮೇಷ್ಟ್ರು ಮಾಡಿದ್ದರು.

ಕೆಳಗೆ, ಆಗಮನ ಬಯಸುವವರ ಸಾಲಿನಲ್ಲಿ, ಮೊದಲು ಅವನ ಹೆಸರೇ ಮೂಡಿತು.

"ನೀನೇ ಬಂದೆ ಅಜ್ಜ."

"ಬರ್ಲಿ. ಹಿಂದ ಯಾರದಾರ?"

"ನಿನ್ನ ದೊಡ್ಡ ಮಗ."

"ಬರ್ಲಿ."

ಒಬ್ಬೊಬ್ಬರಾಗಿ, ಬಸ್ಸಿನಿಂದ ಇಳಿದಂತೆ, ಹೆಸರುಗಳು ಬಂದವು. ಅಜ್ಜ ಒಂದೊಂದಕ್ಕೂ ಒಂದೊಂದು ಬೆರಳು ಮಡಚಿದ. "ಮುಗೀತು" ಎಂದೆ. ಅವನು ಅಲುಗಲಿಲ್ಲ.

"ಇನ್ನೊಂದ್ಸಲ ಕರೀರಿ."

ಮತ್ತೆ ಸೊಂಡಿಲಿನಿಂದ ಶುರುವಾಯಿತು. ಬೀರಪ್ಪ ಎಂಬ ಹೆಸರು ಮೂಡಿ, ಮುಂದಿನದು ಬರುವುದರೊಳಗೆ ಒಂದಿಷ್ಟು ಹೊತ್ತು ಅವನ ಹಿಂದೆ ಬರೀ ಬಿಳಿ. ಅಜ್ಜ ಆ ಬಿಳಿಯನ್ನೇ ನೋಡುತ್ತಿದ್ದ.

"ಅಲ್ಲಿ ನನ್ ತಮ್ಮ ನಿಲ್ಲಬೇಕ್ರಿ. ಮಲ್ಲಪ್ಪ. ಬಾವಿ ನೀರಿನ ಜಗಳ, ಹನ್ನೆರಡು ವರ್ಷ ಆತು ಮಾತಿಲ್ಲ." ಪರದೆಯ ಕಡೆ ಬೆರಳು ತೋರಿ, "ಹಾಕ್ರಿ" ಎಂದ.

"ಅವರನ್ನ ಒಂದು ಮಾತು ಕೇಳೋದು ಬೇಡ್ವಾ ಅಜ್ಜ?"

"ಕೇಳಿದ್ರ ಒಲ್ಲೆ ಅಂತಾನ. ನೆಂಟರಂಗ ಕರದ್ರ ಬರಾಂಗಿಲ್ಲ. ಕರೆಯೋರ ಸಾಲಿನ್ಯಾಗ ಹೆಸರು ಬಿದ್ಮ್ಯಾಲೆ ಮನ್ಯಾಗ ಹ್ಯಾಂಗ ಕುಂದ್ರತಾನ್ರಿ? ಬಂದೋರು ಅವನ್ನ ಕೇಳಂಗಿಲ್ಲೇನು?"

ಹಾಕಿದೆ. ಮಲ್ಲಪ್ಪ ಪರದೆಯ ಮೇಲೆ ಬರಲು ತನ್ನ ಹೊತ್ತು ತೆಗೆದುಕೊಂಡ. ಮೊದಲು ತಲೆಕಟ್ಟು, ಆಮೇಲೆ ಒತ್ತಕ್ಷರ. ಅಜ್ಜ ಓದಲಾರ. ಆದರೂ ಆ ಹೆಸರು ಪೂರ್ತಿಯಾದದ್ದು ಅವನಿಗೆ ಗೊತ್ತಾಯಿತು. ಹೆಗಲ ಕಂಬಳಿಯಿಂದ ಮುಖ ಒರೆಸಿಕೊಂಡ.

ಆದರೆ ಮಲ್ಲಪ್ಪ ಬರುತ್ತಾನೆಂಬ ಖಾತ್ರಿ ನನಗಿರಲಿಲ್ಲ. ಬರದಿದ್ದರೆ ಊರವರ ಮುಂದೆ ಅಜ್ಜನ ಮಾನ ಹೋಗುತ್ತದೆ, ಅಚ್ಚು ಹಾಕಿದ ಪಾಪ ನನ್ನದು. ಮದುವೆಗೆ ಗಿರಿಜಾಳನ್ನೂ ಕರೆದುಕೊಂಡು ಹೋದೆ. ಚಪ್ಪರದ ಬಾಗಿಲಲ್ಲಿ ಹೊಸ ರುಮಾಲು ಸುತ್ತಿದ ಗಟ್ಟಿ ಆಳೊಬ್ಬ ನಿಂತು, "ಏ, ಬಂದೋರಿಗೆ ನೀರು ಕೊಡ್ರಲೇ! ಯಜಮಾನಿಕಿ ಎಲ್ಲಾ ನಾನಽ ಮಾಡ್ಬೇಕೇನು?" ಎಂದು ಎಲ್ಲರನ್ನೂ ಗದರುತ್ತಿದ್ದ. ಒಳಗಿನಿಂದ ಬೀರಪ್ಪಜ್ಜ, "ಮಲ್ಲ, ಬಾಯಿ ಸಣ್ಣದು ಮಾಡೋ" ಎಂದು ಕೂಗಿದ. ಹನ್ನೆರಡು ವರ್ಷದ ನಂತರದ ಮೊದಲ ಮಾತು ಇದೇ ಇರಲಾರದು. ಇದ್ದರೂ ಅಡ್ಡಿಯಿಲ್ಲ.

ವಾಪಸು ಬರುವಾಗ ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುತ್ತ ಒಂದು ಗಂಟೆ ನಿಂತೆವು. ಗಿರಿಜಾ ದಿನವೂ ಹೀಗೆಯೇ ನಿಲ್ಲುತ್ತಾಳೆಂಬುದು ನನ್ನ ಕಾಲಿಗೆ ಅವತ್ತು ಅರ್ಥವಾಯಿತು. ಹನ್ನೆರಡು ವರ್ಷ ಅಲುಗದೆ ನಿಂತ ಮಲ್ಲಪ್ಪನನ್ನು ನನ್ನ ಹಳೆಯ ಬೋರ್ಡು ಆರು ನಿಮಿಷದಲ್ಲಿ ಹೊರಡಿಸಿತ್ತು. ಅದಕ್ಕಿಂತ ಜೋರು ನನಗೆ ಯಾಕೆ? ಮಾರನೇ ದಿನ ಶಿವಮೊಗ್ಗಕ್ಕೆ ಫೋನ್ ಮಾಡಿ ಬೋರ್ಡು ಬೇಡವೆಂದೆ.

ಯಂತ್ರ ಈಗಲೂ ಅದೇ. ಗಿರಿಜಾ ಸಂಜೆ ಮೊಪೆಡ್ಡಿನಲ್ಲಿ ಬಂದು ಅಂಗಡಿ ಮುಂದೆ ನಿಲ್ಲುತ್ತಾಳೆ. "ಗಣಪತಿ ಎಲ್ಲಿವರೆಗೆ ಬಂದ?" ಎಂದು ಕೇಳುತ್ತಾಳೆ. "ಹೊಟ್ಟೆವರೆಗೆ" ಎನ್ನುತ್ತೇನೆ. "ಹಾಗಾದ್ರೆ ತರಕಾರಿ ತಗೊಂಡು ಬರ್ತೀನಿ" ಎಂದು ಗಾಡಿ ತಿರುಗಿಸುತ್ತಾಳೆ. ಅವಳು ಬೆಂಡೆಕಾಯಿ ಆರಿಸಿ, ಚೌಕಾಸಿ ಮಾಡಿ, ತಿರುಗಿ ಬರುವ ಹೊತ್ತಿಗೆ ಗಣಪತಿಯ ಕಾಲಡಿಯ ಇಲಿ ಇನ್ನೂ ಬರುತ್ತಿರುತ್ತದೆ.