ಎರಡೂ ಪಕ್ಷದ ಮಾಸ್ತರ

ಬೆಳಿಗ್ಗೆ ಪರದೇಶಕ್ಕೆ ಸೈನ್ಯ ನುಗ್ಗಿಸಿ, ಮಧ್ಯಾಹ್ನ ಚಹಾ ಕುಡಿದು, ಅದೇ ಪೆನ್ನಿನಿಂದ ಆ ಸೈನ್ಯವನ್ನು ವಾಪಸ್ ಕರೆಸಿದವನು ನಾನು. ಸಂಬಳ ಮಾತ್ರ ಕನ್ನಡ ಮಾಸ್ತರನದು.

ಆಗ ನಾನು ದೋರನಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿದ್ದೆ. ಕಾಲುವೆ ನೀರು ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾಗಿದ್ದವು. ಟಿವಿ ಬಂದಿತ್ತು, ಟಿವಿಯೊಳಗೆ ಯುದ್ಧವೂ ಬಂದಿತ್ತು. ದೊಡ್ಡ ದೇಶವೊಂದು ಭಯೋತ್ಪಾದಕರನ್ನು ಹಿಡಿಯುತ್ತೇನೆಂದು ದೂರದ ಬಡ ದೇಶವೊಂದರ ಮೇಲೆ ಬಾಂಬು ಹಾಕುತ್ತಿತ್ತು. ಸುರಪುರದಲ್ಲಿ ಹೈಸ್ಕೂಲು ಮಕ್ಕಳ ಚರ್ಚಾಸ್ಪರ್ಧೆಗೂ ಅದೇ ವಿಷಯ ಕೊಟ್ಟರು: ಭಯೋತ್ಪಾದನೆ ಅಡಗಿಸಲು ಪರದೇಶಕ್ಕೆ ಸೈನ್ಯ ಕಳಿಸುವುದು ಸರಿಯೇ? ಪ್ರತಿ ಶಾಲೆಯಿಂದ ಇಬ್ಬರು. ಒಬ್ಬರು ಪರ, ಒಬ್ಬರು ವಿರೋಧ.

ನಮ್ಮಲ್ಲಿಯ ಪದ್ಧತಿ ಗೊತ್ತಲ್ಲ? ಚರ್ಚೆ ಮಕ್ಕಳದು, ಭಾಷಣ ಮಾಸ್ತರನದು. ಎರಡನ್ನೂ ನಾನೇ ಬರೆದೆ. ಪರ ಭಾಷಣದಲ್ಲಿ, "ಪಕ್ಕದ ಮನೆಗೆ ಬೆಂಕಿ ಬಿದ್ದರೆ ಅಪ್ಪಣೆ ಕೇಳಿ ಆರಿಸುತ್ತಾರೆಯೇ? ಸತ್ತ ಅಮಾಯಕರಿಗೆ ನ್ಯಾಯ ಬೇಡವೇ?" ಎಂದು ಗುಡುಗಿದೆ. ವಿರೋಧ ಭಾಷಣದಲ್ಲಿ, "ಇಲಿ ಬಂತೆಂದು ಮನೆಗೇ ಬೆಂಕಿ ಇಡುತ್ತಾರೆಯೇ? ಇವರು ಹುಡುಕುವುದು ನ್ಯಾಯವನ್ನೋ, ಎಣ್ಣೆ ಬಾವಿಯನ್ನೋ?" ಎಂದು ಅದಕ್ಕಿಂತ ಜೋರಾಗಿ ಗುಡುಗಿದೆ. ಎರಡನ್ನೂ ಓದಿಕೊಂಡಾಗ ನನಗೆ ಕಣ್ಣೀರು ಬಂತು. ಎಲ್ಲೆಲ್ಲಿ ಮೇಜು ಗುದ್ದಬೇಕೋ ಅಲ್ಲಲ್ಲಿ ಕೆಂಪು ಶಾಯಿಯ ಗೆರೆ ಎಳೆದೆ.

ಮಾತುಗಾರ್ತಿಯರು ಹತ್ತನೇ ಇಯತ್ತೆಯ ಇಬ್ಬರು ಹುಡುಗಿಯರು. ಒಬ್ಬಳು ದೇವಾಪುರದವಳು, ಮಾಮನ ಮನೆಯಲ್ಲಿದ್ದು ಓದುತ್ತಿದ್ದಳು. "ಯಾವುದಾರ ಕೊಡ್ರಿ ಸರ್, ಬಾಯಿಪಾಠ ಮಾಡ್ತೀನಿ" ಎನ್ನುವ ನೆಮ್ಮದಿಯ ಜೀವ. ಇನ್ನೊಬ್ಬಳು ಕಾಲುವೆ ದಂಡೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನ ಮಗಳು. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ನನಗಿಂತ ಶುದ್ಧ ಕನ್ನಡ. ವಿಷಯ ಹೇಳಿದ ದಿನವೇ, "ನಂಗ ವಿರೋಧ ಬೇಕ್ರಿ ಸರ್, ನಾನ ಬರಕೊಂಡ ಬರ್ತೀನಿ" ಅಂದಳು. ಮೂರನೇ ದಿನ ಒಂದು ನೋಟ್‌ಬುಕ್ ತಂದುಕೊಟ್ಟಳು. ನಾನು ಅದನ್ನು ತೆರೆಯದೆ ಚೀಲಕ್ಕೆ ಹಾಕಿಕೊಂಡೆ. ನನ್ನ ಭಾಷಣ ಆಗಲೇ ತಯಾರಿತ್ತಲ್ಲ!

ಹೆಡ್‌ಮಾಸ್ತರು ಸ್ಟಾಫ್‌ರೂಮಿಗೆ ಬಂದು ಬಾಗಿಲು ಮುಂದೆ ಮಾಡಿದರು. "ಆಕಿ ವಿರೋಧ ಮಾತಾಡಿದ್ರ ಮಂದಿ ಏನಂದಾರು? ನೋಡ್ರಿ, ಹೆಂಗ ಆ ಕಡೆಯೋರಿಗೆ ವಕೀಲಿಕಿ ಮಾಡಾಕತ್ತಾಳ ಅಂತಾರ. ಪರ ಕೊಟ್ಬಿಡ್ರಿ. ಆಕಿಗೇ ಚೊಲೋ."

"ಖರೆ ಐತ್ರಿ ಸರ್" ಅಂದೆ.

ಅದೇ ದಿನ ಬೆಳಿಗ್ಗೆ ಹೋಟೆಲಿನಲ್ಲಿ, ಕರೆಯದವರ ಮನೆಗೆ ನುಗ್ಗಿ ಉದ್ಧಾರ ಮಾಡುತ್ತೇನೆ ಅನ್ನುವವನು ದರೋಡೆಕೋರ ಎಂದು ಬೆಂಚು ಗುದ್ದಿ ಭಾಷಣ ಬಿಗಿದವನೂ ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಹುಡುಗಿ ಗೋಡೆಯಾಚೆಯ ಕ್ಲಾಸಿನಲ್ಲೇ ಕೂತಿದ್ದಳು. ಅವಳನ್ನು ಕರೆದು ಕೇಳಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ನಾನು ಹೋಗಿ ಪರ ಭಾಷಣದ ಹಾಳೆ ಕೊಟ್ಟೆ. "ಯಾಕ್ರಿ ಸರ್?" ಅಂದಳು.

"ನಿನ್ನ ಚೊಲೋದಕ್ಕ."

"ನಂಗ ಒಂದ್ ಮಾತ್ ಕೇಳ್ಬೇಕಿತ್ತಲ್ರಿ."

ನನಗೆ ಸಿಟ್ಟು ನೆತ್ತಿಗೇರಿತು. "ಮಾಸ್ತರ ಮುಂದ ವಾದ ಮಾಡ್ತಿಯೇನ?" ಎಂದು ಗದರಿಸಿದೆ. ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದ ಮಾಸ್ತರ ನಾನು! ಅವಳು ತಲೆ ತಗ್ಗಿಸಿ ಹಾಳೆ ತೆಗೆದುಕೊಂಡಳು.

ಸುರಪುರದಲ್ಲಿ ಅವಳು ಒಂದು ಅಕ್ಷರ ತಪ್ಪಲಿಲ್ಲ. ಕೆಂಪು ಗೆರೆ ಇದ್ದಲ್ಲೆಲ್ಲ ಮೇಜು ಗುದ್ದಿದಳು. ದೇವಾಪುರದ ಹುಡುಗಿಯೂ ಅಷ್ಟೇ ಗುದ್ದಿದಳು. ನನ್ನೆರಡು ಭಾಷಣಗಳು ಒಂದನ್ನೊಂದು ಕೆಡವುವುದನ್ನು ನೋಡುತ್ತ ನಾನು ಹಿಗ್ಗಿ ಹೀರೇಕಾಯಿಯಾದೆ. ಶೀಲ್ಡು ನಮಗೇ ಬಂತು. ಕೊಡುವಾಗ ನಿರ್ಣಾಯಕರೊಬ್ಬರು ಮೈಕು ಹಿಡಿದು ಪ್ರೀತಿಯಿಂದಲೇ ಅಂದರು: "ಈ ಹುಡುಗಿ ನೋಡ್ರಿ. ಇವರ ಮಂದಿ ಎಲ್ಲಾರೂ ಹಿಂಗ ಮಾತಾಡಿದ್ರ ದೇಶ ಎಷ್ಟ್ ಚೊಲೋ ಇರ್ತಿತ್ತು!"

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅವಳ ಮುಖ ಸುಣ್ಣದ ಗೋಡೆಯಾಯಿತು. ನಾನೂ ತಟ್ಟಿದೆ.

ವಾಪಸ್ ಬರುವಾಗ ಶಹಾಪುರದ ಬಸ್ಸಿನಲ್ಲಿ ಅವಳು ಶೀಲ್ಡನ್ನು ನನ್ನ ತೊಡೆಯ ಮೇಲಿಟ್ಟಳು. "ಇಟ್ಕೋರಿ ಸರ್. ಭಾಷಣ ನಿಮ್ದು, ಪಕ್ಷ ಹೆಡ್‌ಮಾಸ್ತರದು. ಬೈಸ್ಕೊಂಡಿದ್ದು ಅಷ್ಟೇ ನಂದು."

"ಏ ಹುಚ್ಚಿ, ಅವರು ಹೊಗಳಿದ್ರವ್ವ!"

"ಹೌದ್ರಿ. ನೀವೂ ಚಪ್ಪಾಳಿ ಹೊಡದ್ರಿ" ಅಂದು ಕಿಟಕಿಯ ಕಡೆ ತಿರುಗಿ ಕೂತಳು. ಊರು ಬರುವ ತನಕ ಆ ಶೀಲ್ಡು ತೊಡೆಯ ಮೇಲೆ ಬಹಳ ಭಾರವಾಗಿತ್ತು.

ಮನೆಗೆ ಬಂದವನೇ ನೋಟ್‌ಬುಕ್ ತೆಗೆದೆ. ನಾಲ್ಕೇ ಪುಟ. ಗುಡುಗಿಲ್ಲ, ಎಣ್ಣೆ ಬಾವಿಯಿಲ್ಲ. ಭಯೋತ್ಪಾದಕರು ಕೊಂದವರ ಮನೆಯ ಅಳು ಸುಳ್ಳಲ್ಲ, ಅವರನ್ನು ಹಿಡಿಯಲೇಬೇಕು ಎಂದು ಮೊದಲೇ ಒಪ್ಪಿಕೊಂಡಿದ್ದಳು. ಆಮೇಲೆ ಹೀಗೆ ಬರೆದಿದ್ದಳು: "ಕಾಲುವೆ ಅಗೆಯಲು ಬಂದವರು ನಮ್ಮ ಅಜ್ಜನಿಗೆ ಅಗೆಯುತ್ತೇವೆ ಎಂದು ಹೇಳಿದರು, ಅಗೆಯಬಹುದೇ ಎಂದು ಕೇಳಲಿಲ್ಲ. ಹೊಲ ಎರಡು ಹೋಳಾಯಿತು. ನೀರು ಬಂತು, ಒಳ್ಳೆಯದೇ ಆಯಿತು. ಆದರೂ ಅಜ್ಜ ಸಾಯುವ ತನಕ ಅನ್ನುತ್ತಿದ್ದರು, ಒಂದು ಮಾತು ಕೇಳಿದ್ದರೆ ನಾನೇ ಗುದ್ದಲಿ ಹಿಡಿದು ಬರುತ್ತಿದ್ದೆ ಎಂದು. ನೀರು ತಂದವರೇ ಕೇಳಬೇಕಿತ್ತು ಎಂದ ಮೇಲೆ, ಬಾಂಬು ತರುವವರು ಕೇಳಬಾರದೇ? ಒಳ್ಳೆಯದು ಮಾಡಲು ಬರುವವರು ಮೊದಲು ಕೇಳಿ ಬರಲಿ. ಒಲ್ಲೆ ಎಂದರೆ ಸಿಟ್ಟಾಗದಿರಲಿ."

ನನ್ನೆರಡು ಭಾಷಣಗಳೂ ಕಸವೆನಿಸಿದವು. ನಾಚಿಕೆಯಿಂದ ಊಟ ಸೇರಲಿಲ್ಲ.

ಮುಂದಿನ ಸ್ಪರ್ಧೆ ಯಾದಗಿರಿಯಲ್ಲಿತ್ತು. ಅವಳನ್ನು ಕರೆದು, "ತಪ್ಪಾತವ್ವ. ಈ ಸಲ ನಿಂದ ಭಾಷಣ, ನಿಂದ ಪಕ್ಷ. ನಾ ಒಂದ್ ಅಕ್ಷರ ಮುಟ್ಟಂಗಿಲ್ಲ. ಬರ್ತಿಯೇನು?" ಅಂದೆ.

ಅವಳು ನನ್ನ ಮುಖ ನೋಡಿದಳು. "ಒಲ್ಲೆ ಅಂದ್ರ ಬೈತೀರೇನ್ರಿ?"

"ಇಲ್ಲವ್ವ."

"ಹಂಗಾದ್ರ ಒಲ್ಲೆ ಸರ್."

ಹೋಗಿ ಬೆಂಚಿನ ಮೇಲೆ ಕೂತು ಗಣಿತದ ಪುಸ್ತಕ ತೆರೆದಳು. ಆ ವರ್ಷ ಮುಗಿಯುವ ತನಕ ಮತ್ತೆ ವೇದಿಕೆ ಹತ್ತಲಿಲ್ಲ.

ಯಾದಗಿರಿಗೆ ಹೆಸರು ಕಳಿಸುವ ದಿನ ಹೆಡ್‌ಮಾಸ್ತರು ಪಟ್ಟಿ ನೋಡಿ ಹುಬ್ಬೇರಿಸಿದರು. "ಶೀಲ್ಡ್ ತಂದ ಹುಡುಗಿ ಹೆಸರ ಇಲ್ಲಲ್ರಿ?"

"ಬರ್ತಿಯೇನು ಅಂತ ಕೇಳ್ದೆ ಸರ್. ಒಲ್ಲೆ ಅಂದ್ಳು."

ಅವರು ಹಣೆ ಬಡಿದುಕೊಂಡರು. "ಅಯ್ಯ, ಕೇಳಾಕ ಯಾಕ ಹೋದ್ರಿ ಮಾಸ್ತರ?"